ಕಿಟಕಿಗೊಂದು ತೆರೆ

ಮನೆ ಕಟ್ಟಿಸುವವರು ಕಿಟಕಿಯ ವಿಷಯದಲ್ಲಿ ಎಷ್ಟು ಉದಾರಿಗಳಾಗಿರುತ್ತಾರೋ ಅದರ ತೆರೆಯ ವಿಷಯದಲ್ಲಿ ಅಷ್ಟೇ ಅವಸರಪಡುತ್ತಾರೆ. ತಳಪಾಯ, ತಾರಸಿ, ನೆಲದ ಕಲ್ಲು, ನಲ್ಲಿ ಇವುಗಳಿಗೆಲ್ಲ ತಿಂಗಳುಗಟ್ಟಲೆ ಚರ್ಚೆ ನಡೆಯುವುದು. ಗೃಹಪ್ರವೇಶದ ಆಹ್ವಾನಪತ್ರಿಕೆ ಅಚ್ಚಾಗಿ ಬಂದ ಮೇಲೆ, ಕಿಟಕಿಗಳು ಬೋಳಾಗಿವೆಯೆಂದು ಯಾರಿಗೋ ಜ್ಞಾಪಕ ಬರುವುದು. ಆಗ ಅಂಗಡಿಗೆ ಓಡಿ, ಗೋಡೆಯ ಬಣ್ಣಕ್ಕೆ ಒಪ್ಪುವ ಬಟ್ಟೆಯೊಂದನ್ನು ಆರಿಸಿ ತಂದು, ಎಲ್ಲ ಕಿಟಕಿಗಳಿಗೂ ಒಂದೇ ಸಮನಾಗಿ ತೂಗುಹಾಕಿದರೆ ಕೆಲಸ ಮುಗಿಯಿತು. ಮೂಡಣ ಕಿಟಕಿಗೂ ಅದೇ, ಪಡುವಣ ಕಿಟಕಿಗೂ ಅದೇ. ನಡುಮನೆಗೂ ಅದೇ, ಮಲಗುವ ಮನೆಗೂ ಅದೇ. ಸೂರ್ಯನಾರಾಯಣನು ಎಲ್ಲ ದಿಕ್ಕಿನ ಗೋಡೆಗಳ ಮೇಲೆಯೂ ಒಂದೇ ಬಗೆಯ ಕೃಪೆಯನ್ನು ತೋರುವನೆಂದು ನಂಬಿದವರಂತೆ ನಾವು ನಡೆದುಕೊಳ್ಳುತ್ತೇವೆ.

ಕಳೆದ ಚೈತ್ರಮಾಸದಲ್ಲಿ ನಮ್ಮ ಮಗನು ಮೈಸೂರಿನ ಹೊರವಲಯದಲ್ಲಿ ಕಟ್ಟಿಸಿದ ಹೊಸ ಮನೆಗೆ ನಾವೆಲ್ಲರೂ ಬಂದು ಸೇರಿದೆವು. ನಾವೆಲ್ಲರೂ ಎಂದರೆ ನಾಲ್ಕು ತಲೆಮಾರು: ಎಂಬತ್ತನಾಲ್ಕು ವರ್ಷದ ನಮ್ಮ ಅಮ್ಮನವರು, ನಾನು ಮತ್ತು ನನ್ನ ಹೆಂಡತಿ, ಮಗ ಸೊಸೆ, ಎರಡು ವರ್ಷ ತುಂಬಿದ ಮೊಮ್ಮಗ. ಅಮ್ಮನವರು ಎರಡು ವರ್ಷಗಳ ಹಿಂದೆ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡ ಮೇಲೆ ಅವರ ನಡಿಗೆ ನಿಂತುಹೋಯಿತು. ಬೆನ್ನಿಗೆ ದಿಂಬುಕೊಟ್ಟು ಕೂರಿಸಿದರೆ ಕುಳಿತಿರುವರು. ಉಳಿದ ಹೊತ್ತೆಲ್ಲ ಹಾಸಿಗೆಯೇ ಗತಿ. ನೆಲದ ಅಂತಸ್ತಿನಲ್ಲಿ ಬಚ್ಚಲಿಗೆ ಹತ್ತಿರವಾಗಿದ್ದುದು ಪಡುವಣ ಕೋಣೆಯೊಂದೇ ಆದಕಾರಣ ಅವರಿಗೆ ಅದನ್ನಲ್ಲದೆ ಬೇರೆ ಕೋಣೆಯನ್ನು ಕೊಡುವಂತಿರಲಿಲ್ಲ. ಆ ಕೋಣೆಗೆ ಐದಡಿ ಅಗಲ, ನಾಲ್ಕಡಿ ಎತ್ತರದ ಗಾಜಿನ ಕಿಟಕಿ. ಕಿಟಕಿಯ ಪಕ್ಕಕ್ಕೆ ಮಂಚ. ಆಚೆಗೆ ಸ್ವಲ್ಪ ಅಂಗಳ, ಗಿಡ್ಡನೆಯ ಗೋಡೆ, ರಸ್ತೆ, ರಸ್ತೆಯ ಆಚೆ ಬದಿಯಲ್ಲಿ ಒಂದು ಹೊಂಗೆಯ ಮರ. ಮರದ ಕೆಳಗೆ ಬಟ್ಟೆಗೆ ಇಸ್ತ್ರಿ ಹಾಕುವಾತನ ತಳ್ಳುಗಾಡಿ.

ಹದಿನೈದು ದಿನಗಳೊಳಗಾಗಿ ಅಮ್ಮನವರಿಗೆ ಆ ಬೀದಿಯೆಲ್ಲ ಪರಿಚಯವಾಯಿತು. ಹಾಲಿನವನು ಯಾವ ಮನೆಗೆ ಎಷ್ಟು ಹೊತ್ತಿಗೆ ಬರುವನು, ಹೂವಿನಾಕೆ ಯಾರೊಡನೆ ಜಗಳವಾಡಿದಳು, ಎದುರುಮನೆಯ ಹುಡುಗನು ಸೈಕಲ್ಲಿನಿಂದ ಎಷ್ಟು ಸಲ ಬಿದ್ದನು, ಇವೆಲ್ಲ ಅವರಿಂದ ನಮಗೆ ತಿಳಿಯುತ್ತಿದ್ದ ಸಮಾಚಾರ. ಇಸ್ತ್ರಿಯಾತನ ಮಗಳಿಗೆ ಪರೀಕ್ಷೆ ನಡೆಯುತ್ತಿದೆಯೆಂಬುದು ಬೀದಿಯಲ್ಲಿ ದಿನಕ್ಕೆ ನಾಲ್ಕು ಸಲ ಓಡಾಡುವ ನನಗೆ ಗೊತ್ತಾದದ್ದು, ಹಾಸಿಗೆಯನ್ನು ಬಿಟ್ಟೇಳದ ನಮ್ಮ ತಾಯಿಯವರಿಂದ.

ಆದರೆ ಮಧ್ಯಾಹ್ನ ಎರಡು ಗಂಟೆ ದಾಟಿತೆಂದರೆ ಆ ಕಿಟಕಿಯೇ ವೈರಿಯಾಗುವುದು. ಕಿಟಕಿಯ ಕಂಬಿಗಳು ಕೈಯಿಟ್ಟರೆ ಸುಡುವುವು; ಮಂಚದ ಹೊದಿಕೆಯೂ ಬಿಸಿ, ದಿಂಬೂ ಬಿಸಿ. ಪಕ್ಕಕ್ಕೆ ಹೊರಳಲಾರದ ಮುದುಕರ ಬೆನ್ನಿನ ಮೇಲೆಲ್ಲ ಬೆವರುಸಾಲೆ ಎದ್ದಿತು. ಅಷ್ಟೇ ಅಲ್ಲ, ದಿನಕ್ಕೊಮ್ಮೆ ಮೈಯನ್ನು ಒರಸಿ ಸೀರೆಯನ್ನು ಬದಲಾಯಿಸಬೇಕಾದವರ ಕೋಣೆಗೆ ಬೀದಿಯ ಕಣ್ಣು ಬೀಳುತ್ತಿದ್ದರೆ ಹೇಗೆ? “ಮಾವ, ಮೊದಲು ಅಜ್ಜಿಯ ಕೋಣೆಗೆ ಏನಾದರೂ ಮಾಡಿಸೋಣ, ಉಳಿದದ್ದು ಆಮೇಲೆ” ಎಂದು ಸೊಸೆಯು ಹೇಳಿದಳು. ಅವಳು ಹೇಳಿದ್ದು ನ್ಯಾಯವಾಗಿತ್ತು.

ಅಂಗಡಿಯವರು ಒಬ್ಬ ತರುಣನನ್ನು ಕಳುಹಿಸಿದರು. ಅವನು ಮಾದರಿಯ ಪುಸ್ತಕಗಳ ಹೊರೆಯನ್ನೇ ಹೊತ್ತು ತಂದಿದ್ದನು. ಸುರುಳಿ ಸುತ್ತುವ ರೋಲರ್ ಬ್ಲೈಂಡು, ಪಟ್ಟೆಪಟ್ಟೆಯಾದ ಜೀಬ್ರಾ, ನೆಟ್ಟಗೆ ಜೋಲುವ ವರ್ಟಿಕಲ್, ಅಡ್ಡಪಟ್ಟಿಗಳ ವೆನಿಷಿಯನ್, ಮೋಟಾರಿನಿಂದ ತಾನೇ ಏರಿಳಿಯುವುದು, ಹೀಗೆ ಒಂದೊಂದಾಗಿ ಬಿಡಿಸಿ ತೋರಿಸಿದನು. ವಿನಯವಂತ, ಕೆಲಸವನ್ನೂ ಬಲ್ಲವನು. ಕಿಟಕಿಯ ಅಗಲವನ್ನು ಮೇಲೆ, ನಡುವೆ, ಕೆಳಗೆ ಎಂದು ಮೂರು ಕಡೆ ಅಳೆದು, ಮೂರರಲ್ಲಿ ಕಡಿಮೆಯಾದುದನ್ನು ಬರೆದುಕೊಂಡನು. ಗಾರೆಯವರು ಎಷ್ಟೇ ಜಾಣರಾದರೂ ಚೌಕಟ್ಟಿನ ಒಳಮೈ ಎಲ್ಲ ಕಡೆಯೂ ಒಂದೇ ಅಳತೆಗೆ ಬರುವುದು ಅಪರೂಪ. ಚೌಕಟ್ಟಿನ ಒಳಗೆ ಕೂರಿಸುವ ತೆರೆಗೆ ಹೀಗೆ ಅಳೆಯುವುದೇ ಕ್ರಮ. ಅಮ್ಮನವರ ಕೋಣೆಗೆ ಬಂದಾಗ ಅವನು ಅನುಮಾನವೇ ಪಡಲಿಲ್ಲ. “ಸಾರ್, ಇಲ್ಲಿಗೆ ಬ್ಲಾಕೌಟ್ ಹಾಕಿಬಿಡಿ. ಎಳೆದರೆ ಸಾಕು, ಮಧ್ಯಾಹ್ನವೇ ರಾತ್ರಿಯಾಗುತ್ತದೆ” ಎಂದನು.

ಅಮ್ಮನವರಿಗೆ ಕಾಲು ಹೋಗಿರಬಹುದು, ಕಿವಿ ಚೆನ್ನಾಗಿದೆ. “ಮಧ್ಯಾಹ್ನವನ್ನು ರಾತ್ರಿಮಾಡುವುದಕ್ಕೆ ಇವನಾರಪ್ಪ? ನನಗೆ ರಾತ್ರಿಗಳೇ ಬೇಕಾದಷ್ಟಿವೆ” ಎಂದರು. ಆ ತರುಣನು ನಕ್ಕನು. ಅವನು ಹೋದ ಮೇಲೆ ಅವರು ನನ್ನನ್ನು ಹತ್ತಿರಕ್ಕೆ ಕರೆದು ಮೆಲ್ಲಗೆ ಹೇಳಿದರು: “ಬಿಸಿಲು ಬಂದರೆ ಬರಲಿ ಕಣೋ ಮಗು. ನನ್ನನ್ನು ಗೋಡೆ ನೋಡಿಕೊಂಡು ಬಿದ್ದಿರುವ ಹಾಗೆ ಮಾತ್ರ ಮಾಡಬೇಡ.”

ಮೂವತ್ತು ವರ್ಷ ಮಕ್ಕಳಿಗೆ ಅಮರಕೋಶವನ್ನು ಬಾಯಿಪಾಠ ಮಾಡಿಸಿದವನಿಗೆ ಇಂತಹ ಹೊತ್ತಿನಲ್ಲಿ ಕಣ್ಣಿಗಿಂತ ಮೊದಲು ಶಬ್ದಗಳು ಎದ್ದು ನಿಲ್ಲುತ್ತವೆ. ವಾಚಕರು ಮನ್ನಿಸಬೇಕು. ಕಿಟಕಿಗೆ ಅಮರಸಿಂಹನು ಕೊಡುವ ಹೆಸರುಗಳು ವಾತಾಯನ, ಗವಾಕ್ಷ ಎಂಬಿವು. ಗಾಳಿಯ ಹಾದಿ ಒಂದು. ಹಸುವಿನ ಕಣ್ಣು ಇನ್ನೊಂದು. ಇಂಗ್ಲಿಷಿನ ವಿಂಡೋ ಎಂಬ ಮಾತಿಗೂ ಹಳೆಯ ನಾರ್ಸ್ ಭಾಷೆಯಲ್ಲಿ ಗಾಳಿಯ ಕಣ್ಣು ಎಂದೇ ಅರ್ಥವಂತೆ. ಎಲ್ಲಿಯ ಗಂಗಾತೀರ, ಎಲ್ಲಿಯ ಹಿಮದ ನಾಡು! ಆದರೂ ಮನುಷ್ಯರು ಗೋಡೆಗೆ ತೂತುಮಾಡಿದಾಗ ಎರಡು ಕಡೆಯೂ ಕಣ್ಣನ್ನೇ ನೆನೆದರು. ಇನ್ನು ತೆರೆಗೆ ಅದೇ ಕೋಶದಲ್ಲಿ ಪ್ರತಿಸೀರಾ, ಜವನಿಕಾ, ತಿರಸ್ಕರಿಣೀ ಎಂದು ಮೂರು ಹೆಸರು. ಮೂರನೆಯದನ್ನು ನೋಡಿರಿ. ತಿರಸ್ ಎಂದರೆ ಅಡ್ಡವಾಗಿ, ಮರೆಯಾಗಿ. ಹಾಗೆ ಮರೆಮಾಡುವುದು ತಿರಸ್ಕರಿಣಿ. ಇದೇ ಧಾತುವಿನಿಂದ ಬಂದ ತಿರಸ್ಕಾರವೆಂಬುದಕ್ಕೆ ನಾವು ಇಂದು ಕೊಡುವ ಅರ್ಥವೇ ಬೇರೆ. ಒಂದು ವಸ್ತುವನ್ನು ಕಣ್ಣಿಗೆ ಮರೆಮಾಡುವುದಕ್ಕೂ, ಒಬ್ಬರನ್ನು ಲೆಕ್ಕಕ್ಕಿಲ್ಲವೆಂದು ತಳ್ಳುವುದಕ್ಕೂ ನಡುವೆ ಇರುವ ದೂರ ಒಂದು ಬಟ್ಟೆಯ ದಪ್ಪದಷ್ಟೇ ಎಂದು ಅಮ್ಮನವರ ಮಾತನ್ನು ಕೇಳಿದ ದಿನ ನನಗೆ ತೋರಿತು.

ಸರಿ, ಬಿಸಿಲನ್ನು ತಡೆಯಬೇಕು, ಬೀದಿಯ ಕಣ್ಣನ್ನು ತಡೆಯಬೇಕು, ಅಮ್ಮನವರ ಕಣ್ಣನ್ನು ತಡೆಯಬಾರದು. ಒಂದೇ ತೆರೆಯಿಂದ ಈ ಮೂರೂ ಸಾಧ್ಯವೆ? ಮೊದಲು ಬಿಸಿಲಿನ ನಡೆಯನ್ನು ತಿಳಿಯಬೇಕೆಂದು ಒಂದು ಕೋಲನ್ನು ಅಂಗಳದಲ್ಲಿ ನೆಟ್ಟು, ಹಿಂದಿನವರು ಶಂಕುಚ್ಛಾಯೆಯನ್ನು ಅಳೆಯುತ್ತಿದ್ದ ಹಾಗೆ ನೆರಳನ್ನು ಅಳೆಯತೊಡಗಿದೆನು. ನೆರೆಯವರು ಏನೆಂದುಕೊಂಡರೋ ತಿಳಿಯದು.

ಮೈಸೂರು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು ೧೨ ಡಿಗ್ರಿಯ ಮೇಲಿರುವ ಊರು. ಆದುದರಿಂದ ಸೂರ್ಯನು ನಮ್ಮ ನೆತ್ತಿಯ ಮೇಲೆ ವರ್ಷಕ್ಕೆ ಎರಡು ಸಲ ಬರುವನು. ಏಪ್ರಿಲ್ ಕೊನೆಗೊಮ್ಮೆ, ಆಗಸ್ಟಿನ ಉತ್ತರಾರ್ಧದಲ್ಲೊಮ್ಮೆ. ನಡುವಿನ ತಿಂಗಳುಗಳಲ್ಲಿ ಅವನು ನೆತ್ತಿಯಿಂದ ಉತ್ತರಕ್ಕಿರುತ್ತಾನೆ. ಬಡಗಣ ಕಿಟಕಿಗೆ ಬಿಸಿಲೇ ಬೀಳದೆಂದು ಬರೆಯುವ ಪುಸ್ತಕಗಳು ಬೇರೆ ದೇಶದವು; ಮೇ ಜೂನ್ ತಿಂಗಳ ಮುಂಜಾನೆ, ಸಂಜೆಗಳಲ್ಲಿ ನಮ್ಮ ಬಡಗಣ ಗೋಡೆಯ ಮೇಲೂ ಓರೆಬಿಸಿಲು ಬೀಳುವುದು. ತೆಂಕಣ ಕಿಟಕಿ ನಾವು ಹೆದರುವಷ್ಟು ಕೆಟ್ಟದ್ದಲ್ಲ. ಡಿಸೆಂಬರಿನಲ್ಲಿ ಸೂರ್ಯನು ತೀರ ದಕ್ಷಿಣಕ್ಕೆ ಸರಿದಾಗಲೂ ನಡುಹಗಲಿನಲ್ಲಿ ೫೪ ಡಿಗ್ರಿಯಷ್ಟು ಮೇಲಿರುವುದರಿಂದ, ಎರಡಡಿ ಮುಂಚಾಚಿದ ಸಜ್ಜಾ ಇದ್ದರೆ ಎರಡೂಮುಕ್ಕಾಲು ಅಡಿಯವರೆಗೆ ಗಾಜಿನ ಮೇಲೆ ನೆರಳು ಬರುವುದು. ಪಡುವಣದ ಕಥೆಯೇ ಬೇರೆ. ವಿಷುವದ ದಿನ ಸಂಜೆ ನಾಲ್ಕೂವರೆಗೆ ಸೂರ್ಯನ ಎತ್ತರ ೩೦ ಡಿಗ್ರಿಗಿಂತ ಸ್ವಲ್ಪ ಕಡಿಮೆ. ಅದೇ ಎರಡಡಿಯ ಸಜ್ಜಾ ಆಗ ಕೊಡುವ ನೆರಳು ಒಂದಡಿಗಿಂತ ತುಸು ಹೆಚ್ಚು, ಅಷ್ಟೆ. ಮೇಲಿನಿಂದ ಬರುವ ಬಿಸಿಲನ್ನು ಸಜ್ಜಾ ತಡೆಯಬಲ್ಲುದು. ಎದುರಿಗೆ ನಿಂತು ನೋಡುವ ಬಿಸಿಲಿಗೆ ಎದುರಿಗೇ ಅಡ್ಡ ಬೇಕು.

ಆ ಅಡ್ಡವು ಒಳಗಿರಬೇಕೋ ಹೊರಗಿರಬೇಕೋ? ತೆರೆಯ ವಿಷಯದಲ್ಲಿ ಜನರು ಬಣ್ಣವನ್ನು ಕುರಿತು ಮಾಡುವ ಚರ್ಚೆಯ ಹತ್ತರಲ್ಲೊಂದು ಭಾಗವನ್ನು ಇದಕ್ಕೆ ಕೊಟ್ಟರೆ ಬೇಸಗೆಯ ಅರ್ಧ ಕಷ್ಟ ಕಡಿಮೆಯಾಗುವುದು. ಬಿಸಿಲಿನ ಬಹುಪಾಲನ್ನು ಗಾಜು ಒಳಕ್ಕೆ ಬಿಡುತ್ತದೆ. ಒಳಗೆ ಬಂದ ಬಿಸಿಲು ಬಟ್ಟೆಯನ್ನೋ ನೆಲವನ್ನೋ ಕಾಯಿಸುತ್ತದೆ. ಕಾದ ವಸ್ತುವಿನಿಂದ ಹೊರಡುವ ಶಾಖವಿದೆಯಲ್ಲ, ಅದು ಬಿಸಿಲು ಬಂದ ದಾರಿಯಲ್ಲಿ ಗಾಜನ್ನು ತೂರಿ ಹಿಂದಿರುಗಲಾರದು. ಎಂದಮೇಲೆ ಒಳಗೆ ಕಟ್ಟಿದ ಕಪ್ಪನೆಯ ದಪ್ಪ ಪರದೆಯು ಬೆಳಕನ್ನು ನಿಲ್ಲಿಸುವುದೇ ಹೊರತು ಸೆಕೆಯನ್ನಲ್ಲ; ತಾನೇ ಒಲೆಯ ಹಂಚಿನಂತೆ ಕಾದು ಕೋಣೆಯೊಳಗೆ ನಿಲ್ಲುವುದು. ಬಿಳಿಯ ಬಟ್ಟೆಯಾದರೆ ಒಂದಿಷ್ಟು ಬಿಸಿಲನ್ನು ಬಂದ ಹಾಗೆಯೇ ಗಾಜಿನ ಮೂಲಕ ಹಿಂದಕ್ಕೆ ಎಸೆಯುವುದು, ನಿಜ. ಆದರೆ ಗಾಜನ್ನು ಮುಟ್ಟುವ ಮೊದಲೇ ಬಿಸಿಲನ್ನು ತಡೆದರೆ, ತಡೆದ ವಸ್ತು ಎಷ್ಟು ಕಾದರೂ ಅದರ ಕಾವನ್ನು ಬೀದಿಯ ಗಾಳಿ ಕೊಂಡೊಯ್ಯುವುದು. ಅಂಗಡಿಯ ತರುಣನ ಪುಸ್ತಕದಲ್ಲಿದ್ದುದೆಲ್ಲ ಒಳಗಿನ ತೆರೆಗಳು.

ಹೊರಗಿನ ತೆರೆಗೆ ನಮ್ಮಲ್ಲಿ ಪುಸ್ತಕ ಬೇಡ. ಬಂಬೂ ಬಜಾರಿನಲ್ಲಿ ಮೇದರು ಬಿದಿರ ಸೀಳುಗಳನ್ನು ನೂಲಿನಿಂದ ಹೆಣೆದು ಚಾಪೆಯಂತೆ ಸುತ್ತಿಡುವ ಚಿಕ್ಕುಗಳು ಸಿಕ್ಕುತ್ತವೆ. ನಾನೂ ಮಗನೂ ಹೋಗಿ ಆರಡಿ ಅಗಲದ ಒಂದನ್ನು ಹೇಳಿ ಮಾಡಿಸಿದೆವು. ಕಿಟಕಿಯ ಅಗಲ ಐದೇ ಅಡಿಯಾದರೂ ಪಕ್ಕಗಳಿಂದ ನುಸುಳುವ ಓರೆಬಿಸಿಲಿಗಾಗಿ ಎರಡು ಕಡೆಯೂ ಅರ್ಧರ್ಧ ಅಡಿ ಹೆಚ್ಚು. ಅಂಚಿಗೆ ಬಟ್ಟೆಯ ಪಟ್ಟಿ ಹೊಲಿಸಬೇಕು. ಇಲ್ಲದಿದ್ದರೆ ಒಂದು ಸೀಳು ಜಾರಿ ಉಳಿದವು ಅದರ ಹಿಂದೆ ಹೊರಡುವುವು.

ಅದನ್ನು ಗೋಡೆಗೆ ತಗುಲಿಸದೆ ಸಜ್ಜಾದ ಹೊರ ಅಂಚಿಗೆ, ಎಂದರೆ ಗಾಜಿನಿಂದ ಎರಡಡಿ ಮುಂದಕ್ಕೆ ತೂಗುಹಾಕಿಸಿದೆವು. ಇಲ್ಲಿಯೇ ಕೋಲಿನ ನೆರಳು ಉಪಯೋಗಕ್ಕೆ ಬಂದದ್ದು. ಚಿಕ್ಕನ್ನು ಪೂರ್ತಿಯಾಗಿ ಇಳಿಸಬೇಕಾಗಿಲ್ಲ. ಮೂರಡಿಯಷ್ಟು ಇಳಿಸಿ ಕೆಳಗೆ ಒಂದಡಿ ಬಿಟ್ಟರೂ, ಎರಡಡಿ ಮುಂದಿರುವ ಕಾರಣ, ಸೂರ್ಯನು ೨೭ ಡಿಗ್ರಿಗೆ ಇಳಿಯುವವರೆಗೆ ಆ ಸಂದಿನಿಂದ ಒಂದು ಕಿರಣವೂ ಗಾಜನ್ನು ಮುಟ್ಟದು. ಎಂದರೆ ಹೆಚ್ಚುಕಡಿಮೆ ನಾಲ್ಕೂಮುಕ್ಕಾಲು ಗಂಟೆಯವರೆಗೆ. ಅನಂತರ ಹೊಂಗೆಯ ಮರವು ಆ ಕೆಲಸವನ್ನು ವಹಿಸಿಕೊಳ್ಳುವುದು. ದಿಂಬಿಗೊರಗಿದ ಅಮ್ಮನವರ ಕಣ್ಣಾದರೋ ಕಿಟಕಿಯ ಕಟ್ಟೆಗಿಂತ ಅರ್ಧ ಅಡಿ ಮೇಲೆ. ಅವರಿಗೆ ಬೇಕಾದದ್ದು ಆಕಾಶವಲ್ಲ, ಬೀದಿ. ಬಿಸಿಲು ಮೇಲಿನಿಂದ ಇಳಿಯುವುದು, ಅವರ ನೋಟ ಅಡ್ಡವಾಗಿ ಹೋಗುವುದು. ಇಬ್ಬರ ದಾರಿಯೂ ಬೇರೆಯಾಗಿರುವಾಗ ಒಬ್ಬರನ್ನು ತಡೆಯುವುದಕ್ಕಾಗಿ ಇನ್ನೊಬ್ಬರನ್ನೂ ತಡೆಯಬೇಕಾದುದೇನು?

ಲಾವಂಚದ ತಟ್ಟಿಯನ್ನು ಕಟ್ಟಿ ನೀರು ಚಿಮುಕಿಸಿದರೆ ಹೇಗೆ ಎಂದು ನನ್ನ ಹೆಂಡತಿ ಕೇಳಿದಳು. ಅವಳ ತವರು ರಾಯಚೂರಿನ ಕಡೆಯದು. ಅಲ್ಲಿಯ ಬೇಸಗೆಯಲ್ಲಿ ಆ ತಟ್ಟಿಯ ಸುಖವನ್ನು ಬಲ್ಲವಳು. ನೀರು ಆರುವಾಗ ಗಾಳಿಯ ಶಾಖವನ್ನು ಹೀರಿಕೊಳ್ಳುವುದರಿಂದ ತಂಪು ಬರುತ್ತದೆ. ಗಾಳಿ ಒಣಗಿದಷ್ಟೂ ನೀರು ಬೇಗ ಆರುತ್ತದೆ. ರಾಯಚೂರು ಕಲಬುರಗಿಗಳಲ್ಲಿ ಅದು ಅಮೃತ. ಮಂಗಳೂರಿನಂತಹ ಕರಾವಳಿಯಲ್ಲಿ ಗಾಳಿಯೇ ನೀರಿನಿಂದ ತುಂಬಿರುವುದರಿಂದ ತಟ್ಟಿ ಒದ್ದೆಯಾಗಿ ನಿಲ್ಲುವುದೇ ಹೊರತು ತಂಪು ಸಾಲದು. ಮೈಸೂರು ನಡುವಿನ ಊರು. ಮಾರ್ಚ್ ಏಪ್ರಿಲ್‌ಗಳಲ್ಲಿ ಒಳ್ಳೆಯದೇ. ಆದರೆ ಅಮ್ಮನವರಿಗೆ ಶೀತದ ಭಯವುಂಟಾದುದರಿಂದ ಆ ಯೋಚನೆಯನ್ನು ಬಿಟ್ಟೆವು. ನನ್ನ ಹೆಂಡತಿ ಮಾತ್ರ ಒಂದು ಹಿಡಿ ಲಾವಂಚವನ್ನು ತಂದು ಕುಡಿಯುವ ನೀರಿನ ಮಡಕೆಗೆ ಹಾಕಿ ತೃಪ್ತಳಾದಳು.

ಇನ್ನು ಬೀದಿಯ ಕಣ್ಣು. ಚಿಕ್ಕಿನ ಗುಣವೇನೆಂದರೆ, ಹಗಲಿನಲ್ಲಿ ಕತ್ತಲೆಯ ಕಡೆ ಇರುವವರಿಗೆ ಬೆಳಕಿನ ಕಡೆ ಕಾಣುವುದು, ಬೆಳಕಿನ ಕಡೆ ಇರುವವರಿಗೆ ಕತ್ತಲೆಯ ಕಡೆ ಕಾಣದು. ಈ ಒಂದು ಸೂತ್ರದ ಮೇಲೆ ನಮ್ಮ ದೇಶದಲ್ಲಿ ದೊಡ್ಡ ದೊಡ್ಡ ಕಟ್ಟಡಗಳೇ ಎದ್ದಿವೆ. ಬೇಲೂರಿನ ಚೆನ್ನಕೇಶವ ದೇವಾಲಯವು ವಿಷ್ಣುವರ್ಧನನ ಕಾಲದಲ್ಲಿ, ೧೧೧೭ರಲ್ಲಿ ಪ್ರತಿಷ್ಠೆಯಾದದ್ದು. ಅದರ ನವರಂಗಕ್ಕೆ ಕಲ್ಲಿನ ಜಾಲಂಧ್ರಗಳನ್ನು ಇರಿಸಿದ್ದು ಅವನ ಮೊಮ್ಮಗನಾದ ವೀರಬಲ್ಲಾಳನ ಕಾಲದಲ್ಲಿ. ಕಲ್ಲೇ ಅಲ್ಲಿ ತೆರೆ. ಜಯಪುರದಲ್ಲಿ ಸವಾಯಿ ಪ್ರತಾಪಸಿಂಹನು ೧೭೯೯ರಲ್ಲಿ ಕಟ್ಟಿಸಿದ ಹವಾಮಹಲಿಗೆ ೯೫೩ ಕಿಟಕಿಗಳು. ಅಂತಃಪುರದ ಹೆಂಗಸರು ತಾವು ಕಾಣಿಸಿಕೊಳ್ಳದೆ ಬೀದಿಯ ಮೆರವಣಿಗೆಯನ್ನು ನೋಡುವುದಕ್ಕೆಂದು ಮಾಡಿದ್ದು. ಅಡ್ಡಪಟ್ಟಿಗಳ ಕಿಟಕಿಗೆ ಫ್ರೆಂಚರು ಜಾಲೂಸಿ ಎನ್ನುತ್ತಾರೆ. ಅವರ ಭಾಷೆಯಲ್ಲಿ ಆ ಮಾತಿಗೆ ಅಸೂಯೆಯೆಂದು ಅರ್ಥ! ಹೆಸರು ಇಟ್ಟವರು ಮನುಷ್ಯ ಸ್ವಭಾವವನ್ನು ಚೆನ್ನಾಗಿ ಬಲ್ಲವರೆಂದು ತೋರುತ್ತದೆ.

ಇದನ್ನೆಲ್ಲ ಅಮ್ಮನವರಿಗೆ ಹೇಳುತ್ತ ಕುಳಿತಿದ್ದಾಗ ಅವರು, “ಅಷ್ಟು ದೂರ ಯಾಕೆ ಹೋಗುತ್ತೀಯೆ?” ಎಂದರು. ಹದಿನೆಂಟು ವರ್ಷಕ್ಕೆ ಮದುವೆಯಾಗಿ ಬಂದ ನಮ್ಮ ಹಳೆಯ ತೊಟ್ಟಿಯ ಮನೆಯಲ್ಲಿ ಬೀದಿಗೆ ಇದ್ದದ್ದು ಒಂದೇ ಬೆಳಕಂಡಿ, ಅಂಗೈಯಗಲ. ತೇರಿನ ದಿನ ಅತ್ತೆಯವರು ಮೊದಲು ನೋಡಬೇಕು, ಆಮೇಲೆ ಓರಗಿತ್ತಿಯರು, ಕೊನೆಗೆ ಇವರು. ಇವರ ಸರದಿ ಬರುವ ಹೊತ್ತಿಗೆ ತೇರು ಮುಂದಕ್ಕೆ ಹೋಗಿ ಅದರ ಹಿಂದಿನ ಜನ ಮಾತ್ರ ಕಾಣುತ್ತಿದ್ದರಂತೆ. “ಆರು ವರ್ಷ ತೇರಿನ ಹಿಂಭಾಗ ನೋಡಿದ್ದೇನೆ” ಎಂದು ನಕ್ಕರು. ಅರವತ್ತು ವರ್ಷ ನನ್ನ ತಾಯಿಯಾಗಿರುವವರು ಈ ಮಾತನ್ನು ಹೇಳಿದ್ದು ಅದೇ ಮೊದಲು.

ಕೌಟಿಲ್ಯನು ಈ ಕಿಟಕಿಯ ನ್ಯಾಯವನ್ನು ಬಿಟ್ಟಿಲ್ಲ. ನಮ್ಮ ಮೈಸೂರಿನ ಶಾಮಾಶಾಸ್ತ್ರಿಗಳು ೧೯೦೯ರಲ್ಲಿ ಅಚ್ಚುಹಾಕಿಸಿದ ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ ಮನೆಗಳ ವಿಷಯ ಬರುವುದು. ಬೆಳಕಿಗಾಗಿ ಚಿಕ್ಕ ಕಿಟಕಿಯನ್ನು ಎತ್ತರದಲ್ಲಿ ಇಡಿಸಬೇಕೆಂದೂ, ಒಬ್ಬರ ಬಾಗಿಲು ಕಿಟಕಿಗಳು ಎದುರುಮನೆಯವರಿಗೆ ಬಾಧೆಯಾಗುವಂತಿದ್ದರೆ ದಂಡವೆಂದೂ, ನಡುವೆ ರಾಜಮಾರ್ಗವೋ ದೊಡ್ಡ ಬೀದಿಯೋ ಇದ್ದರೆ ಆ ದೋಷವಿಲ್ಲವೆಂದೂ ಹೇಳಿದೆ. ನೋಡುವವನಿಗೂ ನೋಡಿಸಿಕೊಳ್ಳುವವನಿಗೂ ನಡುವಣ ವ್ಯಾಜ್ಯವು ಅಷ್ಟು ಹಳೆಯದು. ಆದರೆ ಆ ವ್ಯಾಜ್ಯದಲ್ಲಿ ಒಳಗಿರುವವರು ತಾವಾಗಿ ಮುಚ್ಚಿಕೊಳ್ಳುವುದು ಬೇರೆ, ಇನ್ನೊಬ್ಬರು ಬಂದು ಮುಚ್ಚಿಹೋಗುವುದು ಬೇರೆ. ತೆರೆಯ ಅಂಚು ಯಾರ ಕೈಯಲ್ಲಿದೆಯೆಂಬುದನ್ನು ನೋಡಬೇಕು. ಅದರ ಬಣ್ಣವನ್ನು ಆಮೇಲೆ ನೋಡಬಹುದು.

ಹೀಗೆಂದುಕೊಂಡು ಅಮ್ಮನವರ ಕೈಗೆ ಎಟುಕುವಂತೆ ತೆರೆಯ ಹಗ್ಗವನ್ನು ಇಳಿಬಿಡಬೇಕೆಂದು ನಾನು ಸೂಚಿಸಿದಾಗ ಸೊಸೆಯು ಒಡನೆಯೇ ತಡೆದಳು. ಮನೆಯಲ್ಲಿ ಎರಡು ವರ್ಷದ ಮಗುವಿದೆ. ಕಿಟಕಿಯ ತೆರೆಯ ಹಗ್ಗದ ಕುಣಿಕೆ ಕುತ್ತಿಗೆಗೆ ಸಿಕ್ಕಿ ಸತ್ತ ಮಕ್ಕಳು ಹಲವರು. ಸದ್ದಾಗುವುದಿಲ್ಲ, ಪಕ್ಕದ ಕೋಣೆಯಲ್ಲಿರುವ ತಾಯಿಗೂ ತಿಳಿಯುವುದಿಲ್ಲ. ಅಮೆರಿಕದಲ್ಲಿ ಈ ಕಾರಣದಿಂದಲೇ, ಅಂಗಡಿಯಲ್ಲಿ ಸಿದ್ಧವಾಗಿ ಮಾರುವ ತೆರೆಗಳಿಗೆ ಹಗ್ಗವಿರಬಾರದು, ಇದ್ದರೂ ಕೈಗೆ ಎಟುಕಬಾರದು ಎಂಬ ಮಾನದಂಡವು ೨೦೧೮ರ ಕೊನೆಗೆ ಜಾರಿಗೆ ಬಂದಿತು. ಎಳೆಯ ಮಕ್ಕಳಿರುವ ಮನೆಯವರು ಈ ಒಂದು ಸಂಗತಿಯನ್ನು ದಯವಿಟ್ಟು ಮರೆಯಬಾರದು. ತೊಟ್ಟಿಲನ್ನಾಗಲಿ ಮಂಚವನ್ನಾಗಲಿ ಹಗ್ಗವಿರುವ ಕಿಟಕಿಯ ಬಳಿ ಇರಿಸಬಾರದು. ಒಬ್ಬರಿಗೆ ಎಟುಕಬೇಕು, ಒಬ್ಬನಿಗೆ ಎಟುಕಬಾರದು. ಮುತ್ತಜ್ಜಿ ಮರಿಮಗ ಇಬ್ಬರೂ ಅದೇ ಮಂಚದ ಮೇಲೆ ಮಧ್ಯಾಹ್ನವೆಲ್ಲ ಇರುವವರು. ಮೋಟಾರು ಹಾಕಿಸೋಣವೆಂದು ಮಗನು ಹೇಳಿದನು. ಅದರ ಕ್ರಯವನ್ನು ಕೇಳಿ ಅಮ್ಮನವರು, ಅಷ್ಟು ದುಡ್ಡಿಗೆ ನನ್ನನ್ನೇ ಎತ್ತಿಕೊಂಡು ಹೋಗಿ ಬೀದಿ ತೋರಿಸುವವರು ಸಿಕ್ಕುತ್ತಾರೆಂದು ಬಿಟ್ಟರು.

ಕೊನೆಗೆ ಕೆಲಸವನ್ನು ಎರಡಾಗಿ ಹಂಚಿದೆವು. ಹೊರಗಿನ ಚಿಕ್ಕಿನ ಹಗ್ಗವನ್ನು ಹೊರಗೋಡೆಯಲ್ಲಿ ಆರಡಿ ಎತ್ತರದ ಗೂಟಕ್ಕೆ ಸುತ್ತಿಡುವುದು; ಒಂದೂವರೆ ಗಂಟೆಗೆ ಇಳಿಸುವುದೂ ಐದಕ್ಕೆ ಏರಿಸುವುದೂ ಪಿಂಚಣಿದಾರನಾದ ನನ್ನ ಉದ್ಯೋಗ. ಒಳಗೆ ಹಗ್ಗವೇ ಇಲ್ಲದ ಬಟ್ಟೆಯ ತೆರೆ, ಉಂಗುರಗಳ ಮೇಲೆ ಸರಾಗವಾಗಿ ಸರಿಯುವಂತಹದು. ಅದನ್ನು ಮಲಗಿದ್ದಲ್ಲಿಂದ ಸರಿಸುವುದು ಹೇಗೆ? ಈ ತೊಡಕನ್ನು ಬಿಡಿಸಿದವರು ಅಮ್ಮನವರೇ. ಬೀಳುವ ಮೊದಲು ಅವರು ಹಿಡಿದು ನಡೆಯುತ್ತಿದ್ದ ಬೆತ್ತದ ಊರುಗೋಲೊಂದು ಅಟ್ಟದ ಮೇಲಿತ್ತು. “ಅದನ್ನು ತೆಗೆದುಕೊಡು” ಎಂದರು. ಅದರ ಬಾಗಿದ ಹಿಡಿಯನ್ನು ಬಟ್ಟೆಯ ಅಂಚಿಗೆ ತಗುಲಿಸಿ ಎಳೆದರೆ ತೆರೆ ಮುಚ್ಚುವುದು. ತುದಿಯಿಂದ ನೂಕಿದರೆ ತೆರೆಯುವುದು. ಮೈ ಒರಸುವ ಹೊತ್ತಿಗೆ ಅವರೇ ಮುಚ್ಚುವರು, ಮುಗಿದೊಡನೆ ಅವರೇ ತೆರೆಯುವರು. ಸೊಸೆಯು ಅವಸರಪಟ್ಟು ತಾನೇ ಎಳೆಯಲು ಹೋದರೆ, “ಇರೇ, ನನಗೆ ಬರುತ್ತದೆ” ಎಂದು ಗದರಿಸುವರು.

ಬಟ್ಟೆಯ ವಿಷಯವಾಗಿ ಗೃಹಿಣಿಯರಿಗೆ ನಾನು ಹೇಳತಕ್ಕದ್ದು ಹೆಚ್ಚಿಲ್ಲ. ಆದರೂ ಲೆಕ್ಕದ ಮಾತು ಒಂದೆರಡನ್ನು ಹೇಳುವೆನು. ನಿರಿಗೆ ಚೆನ್ನಾಗಿ ಬೀಳಬೇಕಾದರೆ ಬಟ್ಟೆಯ ಅಗಲ ಕಿಟಕಿಯ ಅಗಲಕ್ಕೆ ಎರಡರಷ್ಟಾದರೂ ಇರಬೇಕು. ಹತ್ತಿಯ ಬಟ್ಟೆಯನ್ನು ಕತ್ತರಿಸುವ ಮೊದಲು ಒಗೆದು ಒಣಗಿಸಬೇಕು. ಕುಗ್ಗುವುದೆಲ್ಲ ಮೊದಲೇ ಕುಗ್ಗಲಿ. ನಮ್ಮ ಮನೆಯಲ್ಲಿ ಹೊಸ ಬಟ್ಟೆಯನ್ನು ಕೊಳ್ಳಲಿಲ್ಲ. ಅಮ್ಮನವರ ಪೆಟ್ಟಿಗೆಯಲ್ಲಿದ್ದ ಆರು ಗಜದ ಹಳೆಯ ಹತ್ತಿಯ ಸೀರೆಯೊಂದನ್ನು ಅವರೇ ಆರಿಸಿಕೊಟ್ಟರು. ೧೮ ಅಡಿಯ ಸೀರೆಯಲ್ಲಿ ಐದೈದು ಅಡಿಯ ಮೂರು ತುಂಡು. ಮೂರರ ಅಗಲ ಸೇರಿ ಹನ್ನೊಂದಡಿಯ ಮೇಲೆ. ಐದಡಿಯ ಕಿಟಕಿಗೆ ಧಾರಾಳವಾಯಿತು, ಮಡಿಕೆ ಹೊಲಿಗೆಗೂ ಉಳಿಯಿತು. ಹಿಂದುಗಡೆಗೆ ಬಿಳಿಯ ದಟ್ಟ ಬಟ್ಟೆಯ ಒಳಪದರವನ್ನು ಕೊಡಿಸಿದೆವು. ಇದು ಅಗತ್ಯ. ಏಕೆಂದರೆ ಮೊದಲು ಹೇಳಿದ ಸೂತ್ರವು ದೀಪ ಹಚ್ಚಿದ ಕೂಡಲೆ ತಿರುಗಿಬೀಳುವುದು: ರಾತ್ರಿ ಬೆಳಕು ಒಳಗೆ, ಕತ್ತಲೆ ಹೊರಗೆ. ಹಗಲೆಲ್ಲ ಮಾನ ಕಾಯುವ ತೆಳ್ಳನೆಯ ಪರದೆಯೂ ಬಿದಿರ ಚಿಕ್ಕೂ ಆಗ ಬೀದಿಯವರಿಗೆ ಒಳಗಿನದನ್ನೆಲ್ಲ ತೋರಿಸಿಕೊಡುವುವು. ತೆಳುಬಟ್ಟೆಯನ್ನು ಮಾತ್ರ ಕಟ್ಟಿ ನಿಶ್ಚಿಂತರಾಗಿರುವ ಮನೆಗಳವರು ಒಂದು ರಾತ್ರಿ ದೀಪವುರಿಸಿ ಬೀದಿಗೆ ಬಂದು ತಮ್ಮ ಮನೆಯನ್ನು ತಾವೇ ನೋಡಿಕೊಳ್ಳಲಿ.

ಅಂಗಡಿ ಕಚೇರಿಗಳವರಿಗೂ ಈ ದಿಕ್ಕಿನ ಲೆಕ್ಕ ಒಂದೇ. ನನ್ನ ಪರಿಚಯದ ಬಟ್ಟೆಯ ವ್ಯಾಪಾರಿಯೊಬ್ಬರು ಪಡುವಣ ಮುಖದ ಗಾ‌ಜಿನ ಕಪಾಟಿನಲ್ಲಿ ಒಳ್ಳೆಯ ಸೀರೆಗಳನ್ನು ಜೋಡಿಸಿಡುತ್ತಿದ್ದರು. ಮಡಿಕೆಯ ಹೊರಭಾಗದ ಬಣ್ಣ ಬಿಸಿಲಿಗೆ ಮಾಸಿ ಅರ್ಧಬೆಲೆಗೆ ಹೋಗುತ್ತಿದ್ದುವು. ಈಗ ಬಾಗಿಲ ಮುಂದೆ ಮಡಚಿ ಬಿಚ್ಚುವ ಬಟ್ಟೆಯ ಚಪ್ಪರವನ್ನು ಹಾಕಿಸಿದ್ದಾರೆ. ಪಾಠಶಾಲೆಗಳಲ್ಲಿ ಕರಿಹಲಗೆಯ ಮೇಲೆ ಕಿಟಕಿಯ ಬಿಸಿಲು ಹೊಳೆದು ಒಂದು ಬದಿಯ ಮಕ್ಕಳಿಗೆ ಅಕ್ಷರವೇ ಕಾಣದಿರುವುದನ್ನು ನಾನು ಬಹಳ ವರ್ಷ ನೋಡಿದ್ದೇನೆ. ಮನೆಯಿಂದಲೇ ಕಂಪೆನಿಯ ಕೆಲಸವನ್ನು ಮಾಡುವ ನಮ್ಮ ಸೊಸೆಗೆ ಗಣಕಯಂತ್ರದ ತೆರೆಯ ಮೇಲೆ ಅದೇ ತೊಂದರೆ. ಅವಳ ಮೂಡಣ ಕಿಟಕಿಗೆ ಅಂಗಡಿಯ ತರುಣನ ಅಡ್ಡಪಟ್ಟಿಗಳ ತೆರೆಯೇ ತಕ್ಕದ್ದಾಯಿತು. ಪಟ್ಟಿಗಳನ್ನು ಮೇಲ್ಮುಖವಾಗಿ ಓರೆಮಾಡಿದರೆ ಬೆಳಕು ಮಾಳಿಗೆಗೆ ಬಡಿದು ಮೃದುವಾಗಿ ಇಳಿಯುವುದು. ಹಗ್ಗವಿಲ್ಲದ, ಕೋಲಿನಿಂದ ತಿರುಗಿಸುವ ಬಗೆಯದನ್ನೇ ಹೇಳಿ ಹಾಕಿಸಿದಳು. ಪಟ್ಟಿಗಳ ಮೇಲೆ ಕೂರುವ ಧೂಳನ್ನು ವಾರಕ್ಕೊಮ್ಮೆ ಒರಸುವುದು ಮಗನ ಪಾಲಿಗೆ ಬಂದಿದೆ.

ಮಳೆಗಾಲ ಹಿಡಿದಾಗ ಚಿಕ್ಕನ್ನು ಬಿಚ್ಚಿ, ಒಣಗಿಸಿ, ಸುತ್ತಿ ಅಟ್ಟದ ಮೇಲಿಟ್ಟೆವು. ನೆನೆದರೆ ಬೂಸು ಹಿಡಿದು ನೂಲು ಕೊಳೆಯುವುದು. ಅಡುಗೆಮನೆಯ ಕಿಟಕಿಗೆ ಒಂದು ಸಣ್ಣ ತೆರೆಯಿರಲೆಂದು ನಾನು ಹೇಳಿದ್ದುಂಟು. ಒಲೆಯ ಹತ್ತಿರ ಬಟ್ಟೆಯೇ ಕೂಡದೆಂದೂ, ಒಗ್ಗರಣೆಯ ಜಿಡ್ಡನ್ನು ಒಗೆಯುವವರು ಯಾರೆಂದೂ ನನ್ನ ಹೆಂಡತಿ ಕೇಳಿದಳು. ಆ ಕಿಟಕಿ ಈಗಲೂ ಬೋಳಾಗಿಯೇ ಇದೆ.